ಪಿಂಗಾಣಿ ಬಟ್ಟಲಿನ ಚಿಲ್ಲರೆ

ಜೂನ್ 3, ಸೋಮವಾರ

ಕಾರ್ಡ್ ಉಜ್ಜುವ ಮಿಷನ್ ಇವತ್ತು ಬಂತು. ಅಂಗೈಯಗಲದ ಕರಿ ಡಬ್ಬಿ. ತಂದ ಕಂಪನಿಯವನು ಅಳಿಯನನ್ನು ಮಾವನ ಮನೆಗೆ ಬಿಡಲು ಬಂದ ಬೀಗರ ಹಾಗೆ ಒಂದೊಂದೇ ಹೇಳುತ್ತಾ ಹೋದ. ಬಿಸಿಲಿಗೆ ಇಡಬೇಡಿ, ನೀರು ತಾಗಿಸಬೇಡಿ, ಮಲಗುವ ಮುಂಚೆ ಚಾರ್ಜಿಗೆ ಹಾಕಿ. ಇಟ್ಟುಕೊಂಡಿದ್ದಕ್ಕೆ ತಿಂಗಳ ಬಾಡಿಗೆ ನಾವೇ ಕೊಡಬೇಕು. ಉಜ್ಜಿದ್ದರಲ್ಲಿ ನೂರಕ್ಕೆ ಎರಡೂವರೆ ಅವರಿಗೆ. ಉಳಿದದ್ದು ಎರಡು ದಿನ ಬಿಟ್ಟು ನಮ್ಮ ಬ್ಯಾಂಕಿಗೆ.

ನಾನು ಅದಕ್ಕೆ ಮನೆಅಳಿಯ ಎಂದು ಹೆಸರಿಟ್ಟೆ. ಕೂತಲ್ಲೇ ಉಣ್ಣುತ್ತದೆ, ಕೆಲಸ ಹೇಳಿದರೆ ಸಿಗ್ನಲ್ ಇಲ್ಲ ಅನ್ನುತ್ತದೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ನಗಲಿಲ್ಲ.

ತರಿಸಿದವಳು ನಾನೇ, ಯಾರನ್ನೂ ದೂರುವ ಹಾಗಿಲ್ಲ. ಒಗೆದು ಇಸ್ತ್ರಿಯಾದ ಬಟ್ಟೆ ಒಯ್ಯಲು ಬಂದವರು, ಕೈಯಲ್ಲಿ ನೋಟಿಲ್ಲ, ಆಮೇಲೆ ಬರುತ್ತೇವೆ ಎಂದು ಹೋಗುತ್ತಿದ್ದರು. ಹೋದವರು ಬರುವುದು ಅವರಿಗೆ ಆ ಅಂಗಿ ಬೇಕಾದಾಗ. ಹ್ಯಾಂಗರಿನ ಸಾಲು ತುಂಬಿ ಗೋಡೆಗೆ ಒತ್ತುತ್ತಿತ್ತು. ಮಗ ಹಿಂದುಗಡೆ ಒಗೆಯುವ ಕೋಣೆಯಿಂದ, "ಅಮ್ಮಾ, ನಾವೇನು ಲಾಂಡ್ರಿ ಇಟ್ಟಿದ್ದೀವೋ, ಊರಿನವರ ಬೀರು ಇಟ್ಟಿದ್ದೀವೋ?" ಅಂದ. ಆ ಮಾತು ನನಗೆ ನಾಟಿತು.

ಜೂನ್ 8, ಶನಿವಾರ

ಅಳಿಯನಿಗೆ ಜಾಗ ಬೇಕಲ್ಲ. ಕೌಂಟರಿನ ಮೇಲೆ ಗಿರಾಕಿಯ ಕೈಗೆ ಎಟಕುವ ಜಾಗ ಇರುವುದೇ ಅಷ್ಟು. ಅಲ್ಲಿದ್ದ ಪಿಂಗಾಣಿ ಬಟ್ಟಲನ್ನು ಆ ತುದಿಗೆ, ಇಸ್ತ್ರಿಯವಳ ಮೇಜಿನ ಹತ್ತಿರ, ನೇತು ಹಾಕಿದ ಕೋಟುಗಳ ಆಚೆಗೆ ಸರಿಸಿದೆ.

ಅದು ಇಸ್ತ್ರಿಯವಳ ಬಟ್ಟಲು. ಯಜಮಾನರಿದ್ದಾಗ ಗಂಜಿ ಕಲಸಲು ತಂದದ್ದು. ಅಂಚು ಒಡೆದ ಮೇಲೆ ಕೌಂಟರಿಗೆ ಬಂತು. ಬಟ್ಟೆ ಒಯ್ಯುವವರು ಕೆಲಸ ಮೆಚ್ಚಿದರೆ ಮಿಕ್ಕ ಚಿಲ್ಲರೆಯನ್ನು ಅದಕ್ಕೆ ಹಾಕುತ್ತಾರೆ. ಶನಿವಾರ ಸಂಜೆ ಅವಳು ಅದನ್ನು ಸೆರಗಿಗೆ ಸುರಿದುಕೊಂಡು ಹೋಗುತ್ತಾಳೆ. ಎಷ್ಟಿತ್ತು ಎಂದು ನಾನು ಒಂದು ದಿನವೂ ಇಣುಕಿದವಳಲ್ಲ. ಇನ್ನೊಬ್ಬರ ಕೈಗೆ ಬಿದ್ದದ್ದನ್ನು ಎಣಿಸುವುದು ಹಸಿದವರ ಬುದ್ಧಿ ಎಂದು ನನ್ನ ತಾಯಿ ಹೇಳುತ್ತಿದ್ದಳು. ಯಾರಾದರೂ ನಾಣ್ಯ ಹಾಕುತ್ತಿದ್ದರೆ ನಾನು ಬೇರೆ ಕಡೆ ಮುಖ ತಿರುಗಿಸುತ್ತೇನೆ. ಸೊಸೆ ಈ ಮನೆಗೆ ಕಾಲಿಟ್ಟ ವಾರವೇ ಅವಳಿಗೂ ಹೇಳಿದ್ದೆ: ಯಾವುದನ್ನು ಬೇಕಾದರೂ ಮುಟ್ಟು, ಆ ಬಟ್ಟಲನ್ನು ಮುಟ್ಟಬೇಡ.

ಇಸ್ತ್ರಿಯವಳು ಬಟ್ಟಲಿನ ಹೊಸ ಜಾಗ ನೋಡಿದಳು. ಅವಳು ಮಾತಿನವಳಲ್ಲ. ಮಾತೆಲ್ಲ ಕೈಯಲ್ಲಿ.

ಜೂನ್ 14, ಶುಕ್ರವಾರ

ಸಿಗ್ನಲ್ಲಿಗಾಗಿ ಸೊಸೆ ಮಿಷನ್ನನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತಾಳೆ, ಅಳುವ ಕೂಸಿಗೆ ಚಂದಮಾಮ ತೋರಿಸುವವಳ ಹಾಗೆ. ಗಿರಾಕಿ ಅವಳ ಹಿಂದೆ, ಗಿರಾಕಿಯ ಹಿಂದೆ ನಾನು, ಬಟ್ಟೆ ಹಿಡಿದುಕೊಂಡು. ದಾರಿಯಲ್ಲಿ ಹೋಗುವವರು ಮೆರವಣಿಗೆ ಎಂದುಕೊಳ್ಳಬೇಕು.

ಆದರೂ ಹ್ಯಾಂಗರಿನ ಸಾಲು ಖಾಲಿಯಾಗಿದೆ. ಕರಿಕೋಟಿನ ವಕೀಲರು ಬಾಕಿ ಬಟ್ಟೆಯನ್ನೆಲ್ಲ ಒಂದೇ ಸಲ ಒಯ್ದರು. ಕಾರ್ಡ್ ತೋರಿಸಿದರು, ಮಿಷನ್ ಕೀಂ ಅಂತು, ಹೋದರು. ಮೊದಲಾದರೆ ಕೋಟಿನ ಕಾಲರು ನೋಡಿ ಎರಡು ಮಾತಾಡಿ ಹೋಗುತ್ತಿದ್ದರು. ಈಗ ಎಲ್ಲರಿಗೂ ಅವಸರ.

ಮಧ್ಯಾಹ್ನ ಹೋಟೆಲಿನ ಮೇಲ್ವಿಚಾರಕ ಟೇಬಲ್ ಬಟ್ಟೆಯ ಮೂಟೆ ತಂದ. ತಮ್ಮಲ್ಲೇ ಲಾಂಡ್ರಿ ಶುರು ಮಾಡುತ್ತಿದ್ದಾರಂತೆ. ಹೋಗುವಾಗ ಹಲ್ಲು ಬಿಡುತ್ತಾ, "ನಿಮ್ಮ ಇಸ್ತ್ರಿಯವಳನ್ನ ನಮಗೆ ಕೊಟ್ಟುಬಿಡಿ, ದೊಡ್ಡಮ್ಮ," ಅಂದ. ಅವಳೇನು ಹಸುವೇ, ಹಗ್ಗ ಬಿಚ್ಚಿ ಕೊಡಲು ಎಂದು ಕೇಳಿದೆ. ನಕ್ಕ. ಅವನ ನಗು ನನಗೆ ಹಿಡಿಸಲಿಲ್ಲ.

ಬರೆದಿಟ್ಟರೆ ಮನಸ್ಸಿಗೆ ಸಮಾಧಾನ, ಅದಕ್ಕೆ ಬರೆಯುತ್ತೇನೆ: ಶಾಲೆಯ ಮಕ್ಕಳ ನೆರಿಗೆ ಲಂಗ ಇಲ್ಲಿಗೆ ಬರುವುದು ಅವಳ ಕೈಗಾಗಿ. ಟೇಬಲ್ ಬಟ್ಟೆ ಬರುವುದು ಅವಳ ಕೈಗಾಗಿ. ಒಗೆಯುವ ಮಿಷನ್ ಯಾರ ಮನೆಯಲ್ಲಿಲ್ಲ? ಅವಳು ಹೋದರೆ ನಾವು ಬಾಗಿಲು ಹಾಕಬಹುದು.

ಜುಲೈ 1, ಸೋಮವಾರ

ತಿಂಗಳ ಲೆಕ್ಕದ ಕಾಗದ ಬಂತು. ನೂರಕ್ಕೆ ಎರಡೂವರೆ ಎಂದರೆ ಬಾಯಲ್ಲಿ ಹೇಳುವಾಗ ಚಿಟಿಕೆ ಉಪ್ಪು. ಕಾಗದದಲ್ಲಿ ನೋಡಿದಾಗ ಮೂಟೆ. ಅದರ ಮೇಲೆ ಬಾಡಿಗೆ. ಅದರ ಮೇಲೆ ಚೀಟಿಯ ಕಾಗದದ ಸುರುಳಿ. ಒಗೆದವನು ನನ್ನ ಮಗ, ಬೆನ್ನು ಹಿಡಿದುಕೊಂಡಿರುವುದು ಅವನಿಗೆ. ತೇಯ್ದವಳು ಇಸ್ತ್ರಿಯವಳು. ಕೀಂ ಅಂದವನಿಗೆ ಪಾಲು.

ಐದು ಬಟ್ಟೆಗಿಂತ ಕಡಿಮೆಯಿದ್ದರೆ ಕಾರ್ಡ್ ಇಲ್ಲ ಎಂದು ಬೋರ್ಡ್ ಬರೆಸಿ ಹಾಕಿದೆ. ಬೆಳಿಗ್ಗೆ ಹಾಕಿದ್ದು ಸಂಜೆ ತೆಗೆದೆ. ಒಂದು ಅಂಗಿ ತಂದವಳು ಬೋರ್ಡ್ ಓದಿ, ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಅವಳ ಹಿಂದೆ ಇನ್ನಿಬ್ಬರು. ಕಾರ್ಡಿನವರಿಗೆ ಸ್ವಲ್ಪ ಜಾಸ್ತಿ ತೆಗೆದುಕೊಳ್ಳೋಣ ಎಂದು ಕಂಪನಿಗೆ ಫೋನ್ ಮಾಡಿಸಿದರೆ, ಕರಾರಿನಲ್ಲಿ ಅದಕ್ಕೆ ಅವಕಾಶ ಇಲ್ಲವಂತೆ. ಹೊಡೆಯುವವರು ಅವರೇ, ಅಳಬಾರದು ಅನ್ನುವವರೂ ಅವರೇ.

ಬರುವುದು ಹೆಚ್ಚದಿದ್ದರೆ ಹೋಗುವುದು ಕಡಿಮೆಯಾಗಬೇಕು. ನನ್ನ ವಾರಪತ್ರಿಕೆ ನಿಲ್ಲಿಸಿದೆ. ಸೊಸೆಯ ಕೈಖರ್ಚು ಅರ್ಧ ಮಾಡಿದೆ. ಇಸ್ತ್ರಿಯವಳ ಮಧ್ಯಾಹ್ನದ ಎರಡನೇ ಟೀ ನಿಲ್ಲಿಸಿದೆ. ಎಲ್ಲರಿಗೂ ಒಂದೇ ಅಳತೆ. ನನ್ನ ಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ.

ಜುಲೈ 5, ಶುಕ್ರವಾರ

ಕಿವಿ ಮಂದವಾಗಿರಬೇಕು. ಅಂಗಡಿ ಏಕೋ ಸದ್ದಿಲ್ಲದ ಹಾಗೆ ಅನಿಸುತ್ತದೆ. ಒಗೆಯುವ ಮಿಷನ್ ಗುಡುಗುತ್ತಿರುತ್ತದೆ, ಹಬೆ ಸುಯ್ ಅನ್ನುತ್ತದೆ, ಆದರೂ ಏನೋ ಕಡಿಮೆ. ಮಗ ಕಿವಿಗೆ ಎಣ್ಣೆ ಬಿಟ್ಟ. ತಲೆ ವಾಲಿಸಿಕೊಂಡು ಅರ್ಧ ದಿನ ಕೂತೆ. ಏನೂ ಫರಕಿಲ್ಲ.

ಜುಲೈ 13, ಶನಿವಾರ

ಇಸ್ತ್ರಿಯವಳು ಈ ವಾರ ಮತ್ತೆ ತಡ. ಮಗ ಶಾಲೆಗೆ ಹೋಗುವ ಕಾಲದಿಂದ ಇರುವವಳು, ಅಂಗಡಿಯ ಬಾಗಿಲಿಗಿಂತ ಮುಂಚೆ ಬಂದು ನಿಲ್ಲುತ್ತಿದ್ದವಳು. ಈಗ ಬಿಸಿಲು ಮೆಟ್ಟಿಲು ಹತ್ತಿದ ಮೇಲೆ ಬರುತ್ತಾಳೆ. ಬಂದವಳು ಚಪ್ಪಲಿ ಬಿಟ್ಟು ಒಂದು ಗಳಿಗೆ ತಣ್ಣನೆಯ ನೆಲದ ಮೇಲೆ ಪಾದ ಊರಿ ನಿಲ್ಲುತ್ತಾಳೆ. ಚಪ್ಪಲಿಯ ಹಿಮ್ಮಡಿ ಸವೆದು ಕಾಗದವಾಗಿದೆ.

ನಾನು ಕೇಳಿದೆ. ಬಸ್ಸು ಅಂದಳು. ಬಸ್ಸಿಗೇನು ಬಂತು ಅಂದೆ. ಇಸ್ತ್ರಿ ಪೆಟ್ಟಿಗೆಯ ತಳ ಒರೆಸಿದಳು. ಅವಳಿಗೆ ನನ್ನ ಮೇಲೆ ಸಿಟ್ಟಿದೆ. ಟೀ ನಿಲ್ಲಿಸಿದ್ದಕ್ಕೆ ಇರಬೇಕು. ಒಂದು ಲೋಟ ಟೀಗೆ ಇಷ್ಟು ವರ್ಷದ ಋಣ ಮರೆಯುವುದೇ?

ಹೋಟೆಲಿನವನ ಗಾಡಿ ಎರಡು ಸಲ ನಮ್ಮ ಬೀದಿಯಲ್ಲಿ ಕಂಡಿತು. ಒಮ್ಮೆ ಅವನು ಮೂಲೆಯಲ್ಲಿ ಗಾಡಿ ನಿಲ್ಲಿಸಿ ಅವಳ ಜೊತೆ ಮಾತಾಡುತ್ತಿದ್ದ. ಸೊಸೆಯೂ ನೋಡಿದಳು. ಇಬ್ಬರೂ ನೋಡಲಿಲ್ಲ ಎಂಬಂತೆ ಇದ್ದೆವು.

ಜುಲೈ 17, ಬುಧವಾರ

ಮೊಣಕಾಲು ನೋವು. ಮೂರು ಜನ ಕಾರ್ಡ್, ಒಬ್ಬರು ನೋಟು. ಬರೆಯಲು ಬೇರೇನಿಲ್ಲ.

ಜುಲೈ 24, ಬುಧವಾರ

ಆದಷ್ಟು ಬರೆಯುತ್ತೇನೆ.

ಊಟ ಮುಗಿಸಿ ಒಳಗಿನಿಂದ ಬರುತ್ತಿದ್ದೆ. ಕೋಟುಗಳ ಸಂದಿಯಲ್ಲಿ ಸೊಸೆಯ ಕೈ ಕಂಡಿತು. ಆ ಬಟ್ಟಲಿನಲ್ಲಿತ್ತು. ಇಸ್ತ್ರಿಯವಳು ಬೆನ್ನು ಹಾಕಿಕೊಂಡು ನೆರಿಗೆ ಕೂರಿಸುತ್ತಿದ್ದಳು.

ಕೈಖರ್ಚು ಅರ್ಧ ಮಾಡಿದೆನಲ್ಲ, ಅದು ತಕ್ಷಣ ನೆನಪಾಯಿತು. ಈ ಮನೆಯಲ್ಲಿ ಹಸಿವಾದರೆ ಕೇಳಿ ಉಣ್ಣುತ್ತಾರೆ, ದುಡಿಯುವವಳ ಬಟ್ಟಲಿಗೆ ಕೈ ಹಾಕುವುದಿಲ್ಲ ಎಂದೆ. ನಿನ್ನ ತೌರಿನಲ್ಲಿ ಇದನ್ನೇ ಕಲಿಸಿದ್ದಾ ಎಂದೂ ಕೇಳಿದೆ. ಇನ್ನೂ ಏನೇನೋ ಅಂದೆ. ಅವೆಲ್ಲ ಇಲ್ಲಿ ಬೇಡ.

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎರಡು ನಾಣ್ಯ. ಅವನ್ನು ಕೌಂಟರಿನ ಮೇಲೆ, ನನ್ನ ಮುಂದೆ, ಸದ್ದಾಗದ ಹಾಗೆ ಇಟ್ಟು ಒಳಗೆ ಹೋದಳು.

ಇಸ್ತ್ರಿಯವಳು ಸ್ವಿಚ್ ಆರಿಸಿದಳು. ಅರ್ಧ ನೆರಿಗೆಯಲ್ಲಿ ಅವಳು ಪೆಟ್ಟಿಗೆ ಆರಿಸಿದ್ದನ್ನು ನಾನು ಕಂಡಿಲ್ಲ.

"ಅಕ್ಕಾ, ಆ ಹುಡುಗಿ ತೆಗೀತಿರಲಿಲ್ಲ," ಅಂದಳು. "ಹಾಕ್ತಿದ್ದಳು."

ನನಗೆ ಅರ್ಥವಾಗಲಿಲ್ಲ. ಅವಳು ಬಟ್ಟಲನ್ನು ಎತ್ತಿ ತಂದು ನನ್ನ ಮುಂದೆ ಇಟ್ಟಳು. ಜೀವಮಾನದಲ್ಲಿ ಮೊದಲ ಸಲ ಅದರೊಳಗೆ ನೋಡಿದೆ. ಒಂದು ನಾಣ್ಯ, ಒಂದು ಗುಂಡಿ, ಒಂದು ಸೂಜಿ.

"ಎಲ್ಲರೂ ಕಾರ್ಡು ಕೊಡ್ತಾರೆ. ಕಾರ್ಡಿಂದ ಚಿಲ್ಲರೆ ಉದುರುತ್ತಾ? ಮಿಷನ್ ಬಂದ ಎರಡನೇ ವಾರಕ್ಕೇ ಬಟ್ಟಲು ಒಣಗಿತ್ತು. ಮೊನ್ನೆ ಮೊನ್ನೆಯಿಂದ ಶನಿವಾರ ನೋಡಿದರೆ ಮತ್ತೆ ಕಾಸು. ಯಾರು ಹಾಕ್ತಾರೆ ಅಂತ ನನಗೆ ತಿಳೀದಾ? ಬೇಡ ಅಂದರೆ ಮಗು ನೊಂದ್ಕೊಳ್ಳುತ್ತೆ ಅಂತ ಗೊತ್ತಿಲ್ಲದವಳ ಹಾಗೆ ತಗೊಂಡೆ. ಸಂಜೆ ಬಸ್ಸಿಗೆ ಆಗ್ತಿತ್ತು."

ಬೆಳಿಗ್ಗೆಯ ಬಸ್ಸಿಗೆ ಎಂದು ಕೇಳಿದೆ.

"ಬೆಳಿಗ್ಗೆ ತಂಪಿರುತ್ತಲ್ಲ. ನಡೀತೀನಿ."

ರೈಲು ಹಳಿಯ ಆಚೆಯ ಅವಳ ಮನೆಯಿಂದ. ಆ ಚಪ್ಪಲಿಯಲ್ಲಿ.

ನನಗೆ ಹೇಳಬಾರದಿತ್ತೇ ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ, ಕೇಳಬಾರದಿತ್ತು ಅನಿಸಿತು.

"ನೀವು ಆ ಕಡೆ ತಿರುಗೋದೇ ಇಲ್ಲವಲ್ಲ ಅಕ್ಕಾ. ಅದು ನಿಮ್ಮ ದೊಡ್ಡತನ. ದೊಡ್ಡತನಕ್ಕೆ ಹೋಗಿ ಕೈ ಒಡ್ಡಲಾ?"

ಮತ್ತೆ ಸ್ವಿಚ್ ಹಾಕಿದಳು.

ಜುಲೈ 25, ಗುರುವಾರ

ಕಿವಿಗೆ ಎಣ್ಣೆ ಬಿಡಿಸಿಕೊಂಡಿದ್ದು ದಂಡ. ಬಟ್ಟಲಿನ ಸದ್ದು ನಿಂತಿತ್ತು, ಅಷ್ಟೇ.

ಸೊಸೆ ಎಂದಿನ ಹಾಗೆ ಎದ್ದು, ಎಂದಿನ ಹಾಗೆ ಕೌಂಟರಿಗೆ ಬಂದಳು. ಕಣ್ಣು ಊದಿತ್ತು. ಮಗ ನನ್ನ ಜೊತೆ ಮಾತಾಡುತ್ತಿಲ್ಲ. ಹೌದು, ಇಲ್ಲ, ಆಯ್ತು, ಇಷ್ಟೇ. ಸರಿಯಾಗಿಯೇ ಇದ್ದಾನೆ. ಹೆಂಡತಿಯನ್ನು ಅಂದವರ ಜೊತೆ ಅವನಪ್ಪನೂ ಹೀಗೇ ಇರುತ್ತಿದ್ದರು, ಅಂದವರು ಸ್ವಂತ ತಾಯಿಯೇ ಆಗಿದ್ದರೂ.

ನಾನೇ ಟೀ ಮಾಡಿದೆ. ಮೂರು ಲೋಟ. ಒಂದು ಅವಳ ಮುಂದೆ, ಒಂದು ಇಸ್ತ್ರಿಯವಳ ಮೇಜಿಗೆ. ಸಕ್ಕರೆ ಜಾಸ್ತಿಯಾಗಿತ್ತು. ಸೊಸೆ ಕುಡಿದು ಲೋಟ ಕೆಳಗಿಟ್ಟು, "ಚೆನ್ನಾಗಿದೆ ಅತ್ತೆ," ಅಂದಳು. ಸುಳ್ಳು. ನನ್ನ ಲೋಟ ಖಾಲಿ ಮಾಡಲು ಬಹಳ ಹೊತ್ತು ಹಿಡಿಯಿತು. ಟೀ ಬಿಸಿ ಇತ್ತು.

ಜುಲೈ 27, ಶನಿವಾರ

ಎರಡು ದಿನ ಯೋಚಿಸಿ ಒಂದು ದಾರಿ ಹುಡುಕಿದೆ. ಅಳಿಯ ಒಂದು ಸಲ ಕೀಂ ಅಂದರೆ ಗಲ್ಲಾಪೆಟ್ಟಿಗೆಯಿಂದ ಒಂದು ನಾಣ್ಯ ಬಟ್ಟಲಿಗೆ. ಕಂಪನಿಗೆ ಪಾಲು ಕೊಡುವವಳು ಅವಳಿಗೆ ಕೊಡಲಾರೆನೇ? ಇಸ್ತ್ರಿಯವಳಿಗೆ ಹೇಳಿದೆ. ಒಪ್ಪಿಕೊಳ್ಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ ಎಂದೆಲ್ಲ ಅಂದುಕೊಂಡಿದ್ದೆ.

ಬೇಡ ಅಂದಳು.

"ಸಂಬಳ ಜಾಸ್ತಿ ಮಾಡಿದರೆ ಮಾಡಿ, ತಗೋತೀನಿ, ನಾಚಿಕೆ ಇಲ್ಲ. ಬಟ್ಟಲಿಗೆ ಮಾತ್ರ ನೀವು ಹಾಕಬೇಡಿ. ಅದು ಗಿರಾಕಿ ಹಾಕೋದು. ಬಟ್ಟೆ ಬೆಳಕಿಗೆ ಹಿಡಿದು ನೋಡಿ, ಮನಸ್ಸಿಗೆ ಬಂದರೆ ಹಾಕ್ತಾರೆ, ಇಲ್ಲದಿದ್ದರೆ ಇಲ್ಲ. ಇವತ್ತು ನನ್ನ ಕೆಲಸ ಹೇಗಿತ್ತು ಅಂತ ಆ ಸದ್ದಲ್ಲೇ ನನಗೆ ತಿಳೀತಿದ್ದದ್ದು. ನೀವಂತೂ ಹೇಳೋರಲ್ಲ."

ಆಮೇಲೆ, ನಾನು ಕೇಳದೆಯೇ, ಹೋಟೆಲಿನವರ ಮಾತು ಹೇಳಿದಳು. ಬೆಳಿಗ್ಗೆ ಸಂಜೆ ಅವರದೇ ಗಾಡಿ, ಊಟ ಅಲ್ಲೇ. ಸೋಮವಾರ ಬಂದು ಜಾಗ ನೋಡು ಎಂದಿದ್ದಾರಂತೆ. ರಜೆ ಬೇಕು ಅಂದಳು. ನೋಡಿಕೊಂಡು ಬಾ ಅಂದೆ. ಬೇರೇನು ಅನ್ನಲಿ? ಹಗ್ಗ ಹಾಕಿ ಕಟ್ಟಲು ಹಸುವಲ್ಲ ಎಂದು ಹೇಳಿದವಳು ನಾನೇ.

ಜುಲೈ 29, ಸೋಮವಾರ

ಅವಳಿಲ್ಲ. ಇಸ್ತ್ರಿ ಮೇಜಿಗೆ ನಾನು ನಿಂತೆ. ನನ್ನ ಬಟ್ಟೆಗೆ ನಾನೇ ಇಸ್ತ್ರಿ ಹಾಕಿಕೊಳ್ಳುವವಳು, ಇನ್ನೊಬ್ಬರ ಕೈಗೆ ಎಂದೂ ಕೊಟ್ಟವಳಲ್ಲ. ಒಂದು ದಿನ ನಿಭಾಯಿಸಲಾರೆನೇ ಎಂದುಕೊಂಡೆ.

ಮೂರನೇ ಲಂಗಕ್ಕೆ ಮಣಿಕಟ್ಟು ಬಿತ್ತು. ಮೊದಲ ನೆರಿಗೆ ನೆಟ್ಟಗಿದ್ದರೆ ಕೊನೆಯದು ಓಡುತ್ತದೆ, ಕೊನೆಯದನ್ನು ಹಿಡಿದರೆ ಮೊದಲನೆಯದು ಬಾಯಿ ಬಿಡುತ್ತದೆ. ಹಬೆ ಮುಖಕ್ಕೆ ಹೊಡೆದು ಕನ್ನಡಕ ಮಂಜು. ವಕೀಲರ ಕೋಟಿನ ಕಾಲರಿಗೆ ಒದ್ದೆ ಬಟ್ಟೆ ಹಾಕದೆಯೇ ಒತ್ತಿಬಿಟ್ಟೆ. ಕರಿ ಉಣ್ಣೆಯ ಮೇಲೆ ಅಂಗೈಯಗಲ ಹೊಳಪು ಎದ್ದು ನಿಂತಿತು, ಹಳೆ ಪಾತ್ರೆಯ ತಳದ ಹಾಗೆ. ಹೇಗೆ ಉಜ್ಜಿದರೂ ಹೋಗಲಿಲ್ಲ.

ವಕೀಲರು ಬಂದರು. ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಕಾರ್ಡ್ ತೋರಿಸಿದರು. ಕೀಂ. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತಲೇ ಹೋದರು. ಕಾಲರಿನ ಕಡೆ ನೋಡಲೂ ಇಲ್ಲ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಚೆನ್ನಾಗಿದ್ದಾಗಲೂ ಅದೇ ಕೀಂ. ಕೆಟ್ಟಾಗಲೂ ಅದೇ ಕೀಂ. ಬೈದು ಹೋಗಿದ್ದರೆ ವಾಸಿಯಿತ್ತು. ಎರಡು ತಿಂಗಳಿಂದ ಅವಳು ಆ ಮೇಜಿನ ಮುಂದೆ ನಿಂತು ಇದನ್ನೇ ಕೇಳುತ್ತಿದ್ದಳು.

ಸೊಸೆ ಬಂದು ನನ್ನ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿದಳು. ವಕೀಲರಿಗೆ ಫೋನ್ ಮಾಡಿ ಕೋಟು ತಿರುಗಿ ತರಲು ಹೇಳಿಸಿದೆ, ತಪ್ಪು ನಮ್ಮದು ಎಂದೂ. ಅವರು, "ಹೌದಾ? ನಾನು ನೋಡಲೇ ಇಲ್ಲ," ಅಂದರಂತೆ.

ಜುಲೈ 30, ಮಂಗಳವಾರ

ಇಸ್ತ್ರಿಯವಳು ಬಂದಳು. ಹೋಟೆಲು ಹೇಗಿದೆ ಎಂದು ಮಗ ಕೇಳಿದ. ದೊಡ್ಡದಿದೆ ಅಂದಳು. ಕಿಟಕಿ ಇಲ್ಲ, ಆದರೆ ಫ್ಯಾನು ನಾಲ್ಕಿವೆ. ಮುಂದಿನ ಸೋಮವಾರದೊಳಗೆ ಹೇಳಬೇಕಂತೆ. ಯೋಚನೆ ಮಾಡುತ್ತೇನೆ ಅಂದಳು. ವಕೀಲರು ತಿರುಗಿ ತಂದುಕೊಟ್ಟ ಕೋಟಿನ ಹೊಳಪು ನೋಡಿ ನಾಲಿಗೆ ಲೊಚಗುಟ್ಟಿದಳು. ವಿನೆಗರ್ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ, ಕಾಲರಿನ ಮೇಲೆ ಹಾಸಿ, ಪೆಟ್ಟಿಗೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು ಹಬೆ ಕೊಟ್ಟಳು. ಹೊಳಪು ಮುಕ್ಕಾಲು ಹೋಯಿತು. ಇದನ್ನು ಮಾಡಿದವರು ಯಾರು ಎಂದು ಕೇಳಲಿಲ್ಲ.

ಸಂಬಳ ಹೆಚ್ಚಿಸಿದೆ. ಎರಡು ಹೊತ್ತಿನ ಬಸ್ಸು ಸೇರಿ, ಅದರ ಮೇಲೂ ಸ್ವಲ್ಪ. ಎರಡನೇ ಟೀ ಮತ್ತೆ ಶುರು. ಸೊಸೆಯ ಕೈಖರ್ಚೂ ಮೊದಲಿನಷ್ಟೇ. ದರದ ಹಲಗೆಯಲ್ಲಿ ಬಟ್ಟೆಗೆ ಇಷ್ಟಿಷ್ಟು ಏರಿಸಿದೆ, ಕಾರ್ಡಿಗೂ ನೋಟಿಗೂ ಒಂದೇ. ಯಜಮಾನರು ಹೋದ ಮೇಲೆ ದರ ಏರಿಸಿರಲಿಲ್ಲ. ಅವರು ಬರೆದ ಅಂಕಿ ಅಳಿಸಲು ಮನಸ್ಸಿರಲಿಲ್ಲ. ಬಟ್ಟಲನ್ನು ಮೊದಲಿನ ಜಾಗಕ್ಕೆ ತಂದೆ. ಅಳಿಯ ಪಕ್ಕಕ್ಕೆ ಸರಿದ.

ಗಿರಾಕಿಗಳು ಗೊಣಗಿದರು. ಇಬ್ಬರು ಹೋದರು. ಹೋಗಲಿ.

ಬಟ್ಟಲಿಗೆ ಏನೂ ಬೀಳಲಿಲ್ಲ. ಈಗ ನಾನು ಆ ಕಡೆಗೇ ನೋಡುತ್ತಿರುತ್ತೇನೆ.

ಆಗಸ್ಟ್ 3, ಶನಿವಾರ

ಸೋಮವಾರ ಮಿಷನ್ ಕಂಪನಿಯ ಆಫೀಸಿಗೆ ಹೋಗಿ ಎರಡೂವರೆಯನ್ನು ಇಳಿಸಲು ಕೇಳಬೇಕು. ಆಫೀಸಿಗೆ ಹೋಗುವುದೆಂದರೆ ನನ್ನ ಬೂದು ಬಣ್ಣದ ಉಣ್ಣೆ ಕೋಟು. ಅದಕ್ಕೆ ಇಸ್ತ್ರಿ ಬೇಕು. ಮಣಿಕಟ್ಟು ಇನ್ನೂ ಏಳುತ್ತಿಲ್ಲ.

ಬೆಳಿಗ್ಗೆ ಹಿಂಬಾಗಿಲಿನಿಂದ ಹೊರಟು, ಮನೆ ಸುತ್ತಿ, ಮುಂದಿನ ಮೆಟ್ಟಿಲು ಹತ್ತಿ ಅಂಗಡಿಗೆ ಬಂದೆ. ಗಿರಾಕಿ ನಿಲ್ಲುವ ಜಾಗದಲ್ಲಿ ನಿಂತೆ. ಅಲ್ಲಿಂದ ನಮ್ಮ ಅಂಗಡಿ ಬೇರೆ ತರಹ ಕಾಣುತ್ತದೆ. ಕೌಂಟರ್ ಎತ್ತರ ಇದೆ. ಒಳಗಿರುವವರ ಕೈ ಮಾತ್ರ ಕಾಣುತ್ತದೆ.

ಸೊಸೆ ಎದ್ದು ನಿಂತು, "ಏನಾಯ್ತು ಅತ್ತೆ?" ಅಂದಳು. ಒಂದು ಕೋಟು, ಇಸ್ತ್ರಿಗೆ ಎಂದೆ. ಅವಳು ನನ್ನ ಮುಖ ನೋಡಿ, ಏನೂ ಕೇಳದೆ ಚೀಟಿ ಹರಿದು ಅರ್ಧ ಕೋಟಿಗೆ ಚುಚ್ಚಿ ಅರ್ಧ ನನಗೆ ಕೊಟ್ಟಳು. ಜಾಣೆ.

ಇಸ್ತ್ರಿಯವಳು ಕೋಟನ್ನು ತಿರುಗಿಸಿ ನೋಡಿದಳು. ನನ್ನ ಇಷ್ಟು ವರ್ಷದ ಇಸ್ತ್ರಿಯ ಮೇಲೆ ಅವಳ ಬೆರಳು ಓಡಿತು. ಒಳಗೊಳಗೇ ನಕ್ಕಿರಬೇಕು.

ಸಂಜೆ ಚೀಟಿ ಹಿಡಿದು ಮತ್ತೆ ಮುಂಬಾಗಿಲಿಗೆ ಹೋದೆ. ಕೋಟನ್ನು ಬೆಳಕಿಗೆ ಹಿಡಿದೆ. ತೋಳಿನ ಗೆರೆ ಭುಜದಿಂದ ಕೈವರೆಗೆ ಒಂದೇ ಉಸಿರಿನಲ್ಲಿ ಎಳೆದ ಹಾಗಿತ್ತು. ನಾನು ಹಾಕಿದರೆ ಮೊಣಕೈ ಹತ್ತಿರ ಗೆರೆ ಎರಡಾಗುತ್ತದೆ. ಅದು ಕೋಟಿನ ದೋಷ ಎಂದುಕೊಂಡಿದ್ದೆ.

ಸೊಸೆಗೆ ನೋಟು ಕೊಟ್ಟೆ. ಚಿಲ್ಲರೆ ಕೊಟ್ಟಳು. ಎಣಿಸಲಿಲ್ಲ. ಹಾಗೆಯೇ ಬಟ್ಟಲಿಗೆ ಹಾಕಿದೆ. ಪಿಂಗಾಣಿಯ ಸದ್ದು ಇಡೀ ಅಂಗಡಿಗೆ ಕೇಳಿತು. ಒಗೆಯುವ ಕೋಣೆಯಿಂದ ಮಗ ತಲೆ ಹೊರಗೆ ಹಾಕಿದ.

ಇಸ್ತ್ರಿಯವಳು ತಲೆ ಎತ್ತದೆ, "ರಸೀದಿ ಬೇಕಾ ಅಮ್ಮಾವ್ರೇ?" ಅಂದಳು.

ಬೇಡ ಅಂದೆ. ಕೋಟು ತೋಳಿನ ಮೇಲೆ ಹಾಕಿಕೊಂಡು ಮನೆ ಸುತ್ತಿ ಹಿಂಬಾಗಿಲಿಗೆ ಬಂದೆ. ಮೊಣಕಾಲು ಅಷ್ಟಾಗಿ ನೋಯಲಿಲ್ಲ.

ಅವಳು ಹೋಟೆಲಿನವರಿಗೆ ಏನು ಹೇಳಿದಳೋ. ನಾನು ಕೇಳಲಿಲ್ಲ.

ಆಗಸ್ಟ್ 5, ಸೋಮವಾರ

ಕಂಪನಿಯ ಆಫೀಸು ಆರನೇ ಮಹಡಿ. ಲಿಫ್ಟು ಕೆಟ್ಟಿತ್ತು. ದಾರಿಯುದ್ದಕ್ಕೂ ಇಸ್ತ್ರಿಯವಳ ನಡಿಗೆ ನೆನಪಾಗುತ್ತಿತ್ತು. ಮೇಜಿನ ಆಚೆಯವನು ನನ್ನ ಮಗನ ವಯಸ್ಸಿನವನು. ಎಲ್ಲ ಕೇಳಿಸಿಕೊಂಡ, ತಲೆಯಾಡಿಸಿದ. ನಿಮ್ಮಷ್ಟು ಸಣ್ಣ ಅಂಗಡಿಗೆ ಇದಕ್ಕಿಂತ ಕಡಿಮೆ ಇಲ್ಲ ಎಂದ. ದೊಡ್ಡವರಿಗೆ ಕಡಿಮೆಯಂತೆ. ಹೆಚ್ಚು ಇದ್ದವರು ಕಡಿಮೆ ಕೊಡುವ ಲೆಕ್ಕ ನಾನು ಹೈಸ್ಕೂಲಿನಲ್ಲಿ ಕಲಿಯಲಿಲ್ಲ ಎಂದೆ. ಅವನಿಗೆ ನಗು ಬಂತು, ಪಾಪ. ಮೂರು ತಿಂಗಳ ಬಾಡಿಗೆ ಮಾತ್ರ ಬಿಟ್ಟ. ಎರಡೂವರೆ ಎರಡೂವರೆಯೇ.

ಏಳುವಾಗ, ಕೋಟು ಎಲ್ಲಿ ಒಗೆಸಿದ್ದೀರಿ, ಬಹಳ ಚೆನ್ನಾಗಿದೆ ಎಂದು ಕೇಳಿದ. ನಮ್ಮಲ್ಲೇ ಅಂದೆ. ಬಾಗಿಲವರೆಗೆ ಹೋದವಳು ತಿರುಗಿ ಬಂದು, ನಮ್ಮ ಇಸ್ತ್ರಿಯವಳ ಕೈ ಎಂದು ಹೇಳಿದೆ. ಯಾಕೆ ಹೇಳಿದೆನೋ.

ಮನೆಗೆ ಬಂದಾಗ ಮೂರು ಗಂಟೆ. ಬಾಗಿಲಲ್ಲಿ ಟೇಬಲ್ ಬಟ್ಟೆಯ ಎರಡು ಮೂಟೆ ಬಿದ್ದಿದ್ದವು. ಹೋಟೆಲಿನ ಗಾಡಿ ಬಂದು ಹೋಗಿತ್ತಂತೆ. "ಅವಳು ಬರಲ್ಲ ಅಂದಳಂತೆ ಅಮ್ಮಾ," ಅಂದ ಮಗ. "ಬೇರೆಯವರು ಸಿಗೋವರೆಗೂ ಬಟ್ಟೆ ಇಲ್ಲಿಗೇ." ಹೇಳುತ್ತಾ ನನ್ನ ಕೈಯಿಂದ ಚೀಲ ಇಸಿದುಕೊಂಡ. ಹೌದು, ಇಲ್ಲ, ಆಯ್ತು ಬಿಟ್ಟು ಅವನಾಡಿದ ಮೊದಲ ಮಾತು.

ಗಲ್ಲಾದ ಬೀಗದ ಕೈಗೆ ಸೊಂಟ ತಡಕಿದೆ. ಇಲ್ಲ. ಹೋಗುವಾಗ ಸೊಸೆಗೆ ಕೊಟ್ಟಿದ್ದೆ ಎಂದು ಆಮೇಲೆ ನೆನಪಾಯಿತು. ಇರಲಿ, ಅವಳ ಹತ್ತಿರವೇ ಇರಲಿ. ಸೊಂಟಕ್ಕೆ ಭಾರ.

ಇಸ್ತ್ರಿ ಮೇಜಿನ ಹತ್ತಿರ ಹೋಗಿ, ಆಫೀಸಿನವನು ಕೋಟನ್ನು ಹೊಗಳಿದ ಎಂದೆ.

ಅವಳು ಪೆಟ್ಟಿಗೆ ಎತ್ತಿ ಹಿಡಿದು ನಿಂತಳು. "ಅವನು ಹೊಗಳಿದ. ನೀವು?"

"ನಾನು ಹಾಕ್ಕೊಂಡು ಹೋದೆನಲ್ಲ," ಅಂದೆ.

ಪೆಟ್ಟಿಗೆ ಕೆಳಗಿಳಿಯಿತು. ಹಬೆ ಸುಯ್ ಅಂತು.